ಒಂಬತ್ತು ಮಂದಿಯ ದೂರು, ನೂರಾ ನಲವತ್ತು ಪ್ಲಾಟು

ಹುಬ್ಬಳ್ಳಿ-ಧಾರವಾಡ ನಡುವಿನ ಒಂದು ಲೇಔಟಿನ ಮಾಲೀಕರು ನನ್ನ ಕಕ್ಷಿದಾರರು. ಪ್ಲಾಟು ಕೊಂಡ ಒಂಬತ್ತು ಮಂದಿ, ಉಳಿದೆಲ್ಲರ ಪರವಾಗಿಯೂ ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆಯ 35(1)(ಸಿ) ಅಡಿ ಗ್ರಾಹಕ ಆಯೋಗಕ್ಕೆ ಹೋದರು. ಪ್ಲಾಟು ಸುಮಾರು 140. ಪರಿಹಾರ ತಲಾ ಎರಡು ಲಕ್ಷ ಹಿಡಿದರೂ 2.8 ಕೋಟಿ.

ಹೀಗೆ ಎಲ್ಲರ ಪರವಾಗಿ ದೂರು ನಡೆಸಲು ಆಯೋಗದ ಅನುಮತಿ ಬೇಕು. ಆ ಹಂತದಲ್ಲೇ ತಡೆಯೋಣ ಎಂದೆ. ಬಾರ್ ರೂಮಿನಲ್ಲಿ ಹಿರಿಯರೊಬ್ಬರು, "ತಮ್ಮಾ, ಬ್ರಿಗೇಡ್ ತೀರ್ಪು ಬೆಂಗಳೂರಿನ ಅಪಾರ್ಟ್‌ಮೆಂಟಿಂದು. ನಮ್ಮ ಪ್ಲಾಟಿಗೆ ಕೂಡೂದಿಲ್ಲ, ಸುಮ್ನ ರಾಜಿ ಮಾಡಿಸು" ಅಂದರು. ಬ್ರಿಗೇಡ್ ಎಂಬ ಬಿಲ್ಡರ್ ಕಂಪನಿಯ 2021ರ ಆ ಕೇಸಿನಲ್ಲಿ 51 ಫ್ಲಾಟಿನ 91 ಮಂದಿ, 1134 ಫ್ಲಾಟಿನವರ ಪರವಾಗಿ ಬಂದಿದ್ದರು. ಎಲ್ಲರ ಹಿತಾಸಕ್ತಿ ಒಂದೇ ಎಂಬುದನ್ನು ದೂರಿನಲ್ಲೇ ಕಾಣಿಸಬೇಕು ಎಂದ ಸುಪ್ರೀಂ ಕೋರ್ಟು, ಅದನ್ನು ಜಂಟಿ ದೂರಾಗಿ ಮಾತ್ರ ಉಳಿಸಿತು.

ಹಿಂದೊಮ್ಮೆ ಇದೇ ದಾರಿಯಲ್ಲಿ ಎಡವಿದ್ದೆ. 2023ರಲ್ಲಿ ಬೇರೊಂದು ಕೇಸಿನಲ್ಲಿ ಅನುಮತಿಗೆ ಆಕ್ಷೇಪಣೆ ಮಾತ್ರ ಹಾಕಿ, ಅದು ತೀರ್ಮಾನವಾದ ಮೇಲೆ ತಕರಾರು, ಅಂದರೆ ದೂರಿಗೆ ಲಿಖಿತ ಉತ್ತರ, ಹಾಕೋಣ ಎಂದು ಕೂತೆ. ಸುಪ್ರೀಂ ಕೋರ್ಟಿನ ಹಿಲ್ಲಿ ಕೋಲ್ಡ್ ಸ್ಟೋರೇಜ್ ತೀರ್ಪಿನ ಪ್ರಕಾರ ತಕರಾರಿಗೆ 30 ದಿನ, ಮೇಲೆ 15, ಅಷ್ಟೇ. ನಾನು ಹೋದದ್ದು 49ನೇ ದಿನ. ತಕರಾರು ತಗೊಳ್ಳಲಿಲ್ಲ. ಕಕ್ಷಿದಾರರಿಗೆ ಹತ್ತಿರ ಹತ್ತಿರ ಆರು ಲಕ್ಷದ ಪೆಟ್ಟು. ಫೀಸು ವಾಪಸ್ ಕೊಟ್ಟೆ, ಅವರು ಮತ್ತೆ ಬರಲಿಲ್ಲ.

ಈ ಸಲ ಆಕ್ಷೇಪಣೆ, ತಕರಾರು ಎರಡನ್ನೂ 28ನೇ ದಿನ ಒಟ್ಟಿಗೇ ಹಾಕಿದೆ. ಅದಕ್ಕೂ ಮುಂಚೆ ಲೇಔಟಿನ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಸಂಚಕಾರ ಪತ್ರ (ಮುಂಗಡ ಕೊಟ್ಟು ಮಾಡಿಕೊಂಡ ಕರಾರು) ಒಂದೊಂದೇ ತೆಗೆದು ಪ್ಲಾಟಿಗೆ ಬಣ್ಣ ಹಚ್ಚಿದೆ. ಖರೀದಿ ಪತ್ರವಾಗಿ ಮನೆ ಕಟ್ಟಿದವರು ಹಸಿರು, ಕಬ್ಜಾ ಸಿಗದವರು ಕೆಂಪು, ದುಡ್ಡು ವಾಪಸ್ ಕೇಳಿದವರು ನೀಲಿ. ನಾಲ್ಕು ಸಂಜೆ ಹಿಡೀತು. ದೂರು ಕೊಟ್ಟ ಒಂಬತ್ತರಲ್ಲೇ ಮೂರೂ ಬಣ್ಣ! ಕೆಲವರಿಗೆ ಗಟಾರ ಬೇಕು, ಕೆಲವರಿಗೆ ಬಡ್ಡಿ ಸಮೇತ ದುಡ್ಡು. ನೂರಾ ನಲವತ್ತು ಮಂದಿಗೂ ಒಂದೇ ಪರಿಹಾರ ಹೇಗೆ ಕೇಳುತ್ತಾರೆ? ಆ ನಕ್ಷೆ ನೋಡಿದ ಮೇಲೆ ಅಧ್ಯಕ್ಷರು ಪ್ರಶ್ನೆ ಕೇಳಿದ್ದು ಎದುರಿನ ವಕೀಲರಿಗೆ.

ನಡುವೆ, ತೃಪ್ತರಾದ ಇಪ್ಪತ್ತು ಮಂದಿಯಿಂದ ಅಫಿಡವಿಟ್ ಮಾಡಿಸಿ ಹಾಕಿದ್ದೆ. ನೋಟರಿಗೆ ನಾಲ್ಕು ಸಾವಿರ ಹೋಯಿತು, ಆಯೋಗ ಅದಕ್ಕೆ ಬೆಲೆ ಕೊಡಲಿಲ್ಲ. ವಾದದಲ್ಲಿ ಮೊದಲು ಯಾವ ಬಣ್ಣದವರನ್ನು ಎತ್ತಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಇಂಥವೇ ಇನ್ನೆರಡು ಕೇಸು ಕೈಯಲ್ಲಿವೆ.

ಅನುಮತಿ ಸಿಗಲಿಲ್ಲ. ದೂರು ಒಂಬತ್ತು ಮಂದಿಯದ್ದಾಗಿ ಮಾತ್ರ ಉಳಿಯಿತು. 2.8 ಕೋಟಿ ಹದಿನೆಂಟು ಲಕ್ಷಕ್ಕೆ ಇಳಿಯಿತು. ಆದರೆ ಗಟಾರ ಆಗಿರಲಿಲ್ಲ ಎಂಬುದು ನಿಜ. ಅದನ್ನು ಮೊದಲು ಮಾಡಿಸಿರಿ ಎಂದು ಕಕ್ಷಿದಾರರಿಗೆ ಗಟ್ಟಿಯಾಗಿ ಹೇಳಿದೆ. ಮಾಡಿಸಿದರು. ಐವರು ರಾಜಿಯಾದರು, ನಾಲ್ವರದು ನಡೆದಿದೆ.