ಕಂಟೇನರ್ ಇಮೇಜಿನಲ್ಲಿ ಕನ್ನಡ ಮೂಡದಿದ್ದರೆ

ಕಲಬುರಗಿಯ ತೊಗರಿ ಬೇಳೆ ಮಿಲ್ಲುಗಳಿಗೆ ಕನ್ನಡ ರಸೀದಿಯ ತಂತ್ರಾಂಶ ಮಾಡಿಕೊಡುವ ಗೆಳೆಯರು ನಮ್ಮಲ್ಲಿ ಕೆಲವರಿದ್ದೀರಿ. ನಿಮಗಾಗಿ ಒಂದು ಸಲಹೆ.

ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಮೂಡುವ ಪಿಡಿಎಫ್, ಡಾಕರ್ ಕಂಟೇನರಿನೊಳಗೆ (ತಂತ್ರಾಂಶವನ್ನು ಬೇಕಾದ ಸಾಮಗ್ರಿಯೊಡನೆ ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆ) ಖಾಲಿ ಚೌಕಗಳ ಸಾಲಾಗಿಬಿಟ್ಟರೆ ಮೊದಲೇ ಕೋಡನ್ನು ದೂರಬೇಡಿ. ಕಂಟೇನರ್ ಹುಟ್ಟುವುದು ಇಮೇಜ್ ಎಂಬ ಸಿದ್ಧ ಅಚ್ಚಿನಿಂದ; ಪೈಥಾನಿನ 'ಸ್ಲಿಮ್' (ಕಿರಿದಾದ) ಇಮೇಜಿನಲ್ಲಿ ಕನ್ನಡ ಫಾಂಟೇ ಇರುವುದಿಲ್ಲ. ಪಿಪ್ ಪಟ್ಟಿಯನ್ನು (ಬೇಕಾದ ಪೈಥಾನ್ ಲೈಬ್ರರಿಗಳ ಪಟ್ಟಿ) ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ; ಇದು ಆಪರೇಟಿಂಗ್ ಸಿಸ್ಟಮ್ ಮಟ್ಟದ ಅವಲಂಬನೆ. ಆ ಇಮೇಜಿಗೆ ಡೆಬಿಯನ್ ಎಂಬ ಲಿನಕ್ಸ್ ಆಧಾರ. ಹಾಗಾಗಿ 'ಫಾಂಟ್ಸ್-ಕೆಎನ್‌ಡಿಎ' ಪ್ಯಾಕೇಜನ್ನು ಡಾಕರ್‌ಫೈಲಿನಲ್ಲಿ (ಇಮೇಜ್ ಕಟ್ಟುವ ಸೂಚನೆಗಳ ಕಡತ) ಡೆಬಿಯನ್ನಿನ ಇನ್‌ಸ್ಟಾಲ್ ಸಾಧನ ಆ್ಯಪ್ಟ್ ಮೂಲಕ ಸೇರಿಸಿ. ಅಕ್ಷರ ಬಂದು, ಒತ್ತಕ್ಷರ ಮಾತ್ರ ಪಕ್ಕಕ್ಕೆ ಜಾರಿದರೆ ಅದು ಬೇರೆ ಸಮಸ್ಯೆ. ಅಕ್ಷರ, ಒತ್ತುಗಳ ಜೋಡಣೆಯ ಕೆಲಸ ಹಾರ್ಫ್‌ಬಜ್‌ನಂತಹ ಲೈಬ್ರರಿಯದು. ನಿಮ್ಮ ಪಿಡಿಎಫ್ ಸಾಧನ ಅದನ್ನು ಬಳಸುತ್ತದೆಯೇ ನೋಡಿ.

ಆ್ಯಪ್ಟ್‌ನ ಅಪ್‌ಡೇಟ್ ಮತ್ತು ಇನ್‌ಸ್ಟಾಲ್ ಒಂದೇ 'ರನ್' ಸಾಲಿನಲ್ಲಿರಲಿ. ಇಂಥ ಪ್ರತಿ ಸಾಲಿನ ಫಲವನ್ನು ಡಾಕರ್ ಒಂದು ಪದರವಾಗಿ ಉಳಿಸಿ ಮರುಬಳಸುತ್ತದೆ. ಬೇರೆ ಬೇರೆ ಬರೆದರೆ ಅಪ್‌ಡೇಟ್ ಪದರ ಕ್ಯಾಶ್‌ನಲ್ಲೇ ಉಳಿದು, ತಿಂಗಳುಗಳ ನಂತರ ಹಳೆಯ ಪ್ಯಾಕೇಜ್ ಸೂಚಿಯನ್ನೇ ನಂಬಿ 404 (ಕಡತ ಸಿಗಲಿಲ್ಲ) ದೋಷ ಬರಬಹುದು. ಸೂಚಿಗಳನ್ನು ಅಳಿಸುವುದೂ ಅದೇ ಸಾಲಿನಲ್ಲಿಯೇ. ಮುಂದಿನ ಸಾಲಿನಲ್ಲಿ ಅಳಿಸಿದರೆ ಇಮೇಜಿನ ಗಾತ್ರ ಇಳಿಯದು.

ಪಿಪ್ ಪಟ್ಟಿಯ ಕಡತವನ್ನು ಮೊದಲು ನಕಲಿಸಿ, ಇನ್‌ಸ್ಟಾಲ್ ಮಾಡಿ, ಆಮೇಲೆ ಕೋಡನ್ನು ನಕಲಿಸಿ. ಹೀಗಿದ್ದರೆ ರಸೀದಿಯ ಒಂದು ಅಲ್ಪವಿರಾಮ ತಿದ್ದಿದ್ದಕ್ಕೆ ಎಲ್ಲವೂ ಮತ್ತೆ ಡೌನ್‌ಲೋಡ್ ಆಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತು.

ಓಡುತ್ತಿರುವ ಕಂಟೇನರಿನೊಳಗೆ ಹೊಕ್ಕು ಫಾಂಟ್ ಹಾಕುವುದು ಪರೀಕ್ಷೆಗಷ್ಟೇ ಸರಿ. ಕಂಟೇನರನ್ನು ಹೊಸದಾಗಿ ಸೃಷ್ಟಿಸಿದೊಡನೆ ಅದು ಮಾಯ.