ರಟ್ಟಿನ ಪ್ಯಾಡು, ನೂರ ನಲವತ್ತಾರು ಸಹಿ: ಪೆನ್ಸಿಲ್ವೇನಿಯಾದಲ್ಲಿ ಮೂರನೇ ಪಕ್ಷಕ್ಕೆ ದುಡಿದ ನನ್ನ ಅನುಭವ

ಟೀಚರಕ್ಕನ ಮನೆಗೆ ಟೌನ್‌ಶಿಪ್ (ಊರಿನ ಸ್ಥಳೀಯ ಆಡಳಿತ) ಕಚೇರಿಯಿಂದ ನೋಟಿಸು ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಮೈಸೂರಿನವರಾದ ಅವರು ಹದಿನೈದು ವರ್ಷದಿಂದ ಮನೆಯ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ನನ್ನ ಮಗಳು ಸರಳೆ, ಜಂಟಿ ವರಸೆ ಮುಗಿಸಿ ಗೀತೆಗೆ ಬಂದದ್ದು ಅದೇ ಬೇಸ್‌ಮೆಂಟಿನಲ್ಲಿ. ವಾಸದ ಬಡಾವಣೆಯಲ್ಲಿ ಅನುಮತಿಯಿಲ್ಲದೆ ವ್ಯವಹಾರ ನಡೆಸುತ್ತಿದ್ದೀರಿ, ಮೂವತ್ತು ದಿನದಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಯಾವ ಜಾಗದಲ್ಲಿ ಏನು ನಡೆಸಬಹುದೆಂದು ತೀರ್ಮಾನಿಸುವ ಝೋನಿಂಗ್ ಮಂಡಳಿಯ ಮುಂದೆ ಅರ್ಜಿ ಹಾಕಿ ಎಂದಿತ್ತು ನೋಟಿಸಿನಲ್ಲಿ. ಅರ್ಜಿ ಶುಲ್ಕಕ್ಕೇ ಅವರ ಎರಡು ತಿಂಗಳ ಪಾಠದ ದುಡ್ಡು ಹೋಗುತ್ತಿತ್ತು. "ಬಿಟ್ಟುಬಿಡ್ತೀನಪ್ಪಾ, ಈ ವಯಸ್ಸಲ್ಲಿ ಕೋರ್ಟು ಕಚೇರಿ ಅಂತ ಅಲೆಯೋಕೆ ನನ್ನ ಕೈಲಾಗಲ್ಲ" ಅಂದರು.

ಆ ಹೊತ್ತಿಗೆ ನಾನು ಲಿಬರ್ಟೇರಿಯನ್ ಪಕ್ಷ ಸೇರಿ ಎರಡು ವರ್ಷ ಆಗಿತ್ತು. ಮೈಮೇಲೂ ಮನೆಯ ಮೇಲೂ ದುಡಿಮೆಯ ಮೇಲೂ ಮನುಷ್ಯನಿಗೆ ಅವನದೇ ಹಕ್ಕು, ಇನ್ನೊಬ್ಬರಿಗೆ ಕೇಡು ಮಾಡದ ತನಕ ಸರ್ಕಾರ ದೂರ ಇರಲಿ ಅನ್ನುವುದು ಈ ಪಕ್ಷದ ತಿರುಳು. 1971ರಲ್ಲಿ ಕೊಲರಾಡೊದಲ್ಲಿ ಹುಟ್ಟಿದ ಪಕ್ಷ. ಮರುವರ್ಷವೇ ಜಾನ್ ಹಾಸ್ಪರ್ಸ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕರನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿತ್ತು. ಆಗ ವರ್ಜೀನಿಯಾದ ಒಬ್ಬ ಎಲೆಕ್ಟರ್ (ರಾಜ್ಯದ ಪರವಾಗಿ ಅಧ್ಯಕ್ಷರನ್ನು ಆರಿಸಲು ಮತ ಹಾಕುವ ಪ್ರತಿನಿಧಿ) ತನ್ನ ಪಕ್ಷದ ಮಾತು ಮೀರಿ ಇವರಿಗೆ ಮತ ಹಾಕಿದ್ದರಿಂದ, ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಟೋನಿ ನೇಥನ್ ಅಮೆರಿಕದಲ್ಲಿ ಎಲೆಕ್ಟೋರಲ್ ಮತ ಪಡೆದ ಮೊದಲ ಮಹಿಳೆಯಾದರು.

ನನಗೆ ಈ ವಿಚಾರ ಹೊಸದೇನಲ್ಲ. ಮಂಡ್ಯ ಕಡೆಯ ನಮ್ಮ ತಾತ ರಾಜಾಜಿಯವರ ಸ್ವತಂತ್ರ ಪಕ್ಷದ ನಕ್ಷತ್ರದ ಗುರುತಿಗೆ ಮತ ಹಾಕಿದವರು. ಭತ್ತ ಸಾಗಿಸುವುದಕ್ಕೂ ಪರ್ಮಿಟ್ಟಿಗೆ ಅಲೆದವರಿಗೆ "ಪರ್ಮಿಟ್-ಲೈಸೆನ್ಸ್ ರಾಜ್ಯ" ಎಂಬ ರಾಜಾಜಿ ಮಾತನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. 1959ರಲ್ಲಿ ಶುರುವಾದ ಆ ಪಕ್ಷ 1967ರಲ್ಲಿ ಲೋಕಸಭೆಯಲ್ಲಿ 44 ಸ್ಥಾನ ಗೆದ್ದಿತ್ತು, 1974ಕ್ಕೆ ಬೇರೆ ಪಕ್ಷದಲ್ಲಿ ಕರಗಿಹೋಯಿತು. ನಾನು 2016ರಲ್ಲಿ ಇಲ್ಲಿನ ಪೌರನಾಗಿ ಮೊದಲ ಮತವನ್ನು ಲಿಬರ್ಟೇರಿಯನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಗ್ಯಾರಿ ಜಾನ್ಸನ್‌ಗೆ ಹಾಕಿದಾಗ ತಾತ ನೆನಪಾದರು. ಜಾನ್ಸನ್‌ಗೆ ಆ ಸಲ ದೇಶದಾದ್ಯಂತ 44 ಲಕ್ಷಕ್ಕೂ ಹೆಚ್ಚು ಮತ ಬಿದ್ದವು, ಶೇ 3ಕ್ಕಿಂತ ತುಸು ಜಾಸ್ತಿ. ಪಕ್ಷದ ಚರಿತ್ರೆಯಲ್ಲೇ ಅದು ದೊಡ್ಡ ಸಂಖ್ಯೆ.

ಆದರೆ ಆ ಎರಡು ವರ್ಷ ನಾವು ಪಕ್ಷದ ಕೌಂಟಿ (ಜಿಲ್ಲಾ) ಘಟಕದವರು ಮಾಡಿದ್ದು ತಿಂಗಳಿಗೊಮ್ಮೆ ಒಂದು ಡೈನರಿನ ಹಿಂದಿನ ಕೋಣೆಯಲ್ಲಿ ಕೂತು ವಾಷಿಂಗ್ಟನ್ ಬಗ್ಗೆ ಮಾತಾಡಿದ್ದು, ಅಷ್ಟೇ. ಟೀಚರಕ್ಕನ ನೋಟಿಸನ್ನು ಅಲ್ಲಿ ಮೇಜಿನ ಮೇಲಿಟ್ಟೆ. ಊರಿನ ಎಲೆಕ್ಟ್ರಿಷಿಯನ್ ಒಬ್ಬರು ಅದನ್ನು ಎರಡು ಸಲ ಓದಿ, "ಇದು ನಮ್ಮ ಕೆಲಸ" ಅಂದರು. ಮುಂದೆ ನಮ್ಮ ಅಭ್ಯರ್ಥಿಯಾದವರು ಅವರೇ.

ಮೊದಲು ಕಾನೂನು ಓದಿದೆವು. ಸಂಗತಿ ನಮ್ಮ ಪರವಾಗಿ ಅರ್ಧ ಇತ್ತು. ಮನೆಯಲ್ಲೇ ನಡೆಯುವ, ಅಕ್ಕಪಕ್ಕದವರಿಗೆ ತೊಂದರೆಯಾಗದ ಸಣ್ಣ ಕಸುಬಿಗೆ ವಾಸದ ಬಡಾವಣೆಯಲ್ಲಿ ತಾನಾಗಿಯೇ ಅವಕಾಶ ಇದೆ ಎಂದು ಪೆನ್ಸಿಲ್ವೇನಿಯಾ 2002ರಲ್ಲೇ ಕಾನೂನು ಮಾಡಿದೆ. ಆದರೆ ಒಂದು ಷರತ್ತು: ಮನೆಗೆ ಬಂದುಹೋಗುವ ಜನ, ವಾಹನ ಮಾಮೂಲಿಗಿಂತ ಹೆಚ್ಚಿರಬಾರದು. ಪಾಠಕ್ಕೆ ಮಕ್ಕಳನ್ನು ಬಿಡಲು ಕಾರು ಬರುತ್ತವೆ ಎಂಬುದೇ ಟೌನ್‌ಶಿಪ್‌ನವರ ತಕರಾರು. ಹಾಗಾದರೆ ಮಾಮೂಲಿ ಅಂದರೆ ಎಷ್ಟು? ಅದನ್ನು ಯಾರೂ ಎಣಿಸಿರಲಿಲ್ಲ. ನಾವು ಎಣಿಸಿದೆವು. ಆರು ಶನಿವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡು, ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿಕೊಂಡು, ಫ್ಲಾಸ್ಕಿನ ಕಾಫಿ ಪಕ್ಕದಲ್ಲಿಟ್ಟುಕೊಂಡು, ಯಾವ ಮನೆಗೆ ಎಷ್ಟು ವಾಹನ ಬಂತು ಎಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ ಕೂತೆವು. ಟೀಚರಕ್ಕನ ಮನೆಗೆ ಯಾವ ಶನಿವಾರವೂ ಒಂಬತ್ತು ಕಾರು ದಾಟಲಿಲ್ಲ, ಒಂದೊಂದೂ ಎರಡು ನಿಮಿಷ ನಿಂತು ಹೋಗುತ್ತಿತ್ತು. ಅದೇ ಬೀದಿಯಲ್ಲಿ ಹಳೆ ಸಾಮಾನು ಮಾರಲು ಗರಾಜ್ ಸೇಲ್ ಇಟ್ಟ ಒಂದು ಮನೆಗೆ ಒಂದೇ ಬೆಳಿಗ್ಗೆ ಮೂವತ್ತೊಂದು.

ಇನ್ನೊಂದು ಕಡೆಯಿಂದ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ನಮ್ಮ ಕಡೆಯ ಆರ್‌ಟಿಐ ಇದ್ದಂತೆ ಇಲ್ಲೂ ರಾಜ್ಯದ ಕಾನೂನಿದೆ. ಐದು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು, ಕಾರಣ ಹೇಳಿ ಇನ್ನೂ ಮೂವತ್ತು ದಿನ ಮುಂದೂಡಬಹುದು. ಮುಂದೂಡಿದರು. ಬಂದ ಕಾಗದದಲ್ಲಿ ಮೂರು ವರ್ಷದಲ್ಲಿ ಹನ್ನೊಂದು ಮನೆಗಳಿಗೆ ಇಂಥದೇ ನೋಟಿಸು ಹೋಗಿತ್ತು: ಪಿಯಾನೊ ಹೇಳಿಕೊಡುವ ಎಪ್ಪತ್ತರ ಅಜ್ಜಿ, ಬಟ್ಟೆ ಹೊಲಿಯುವ ವಿಯೆಟ್ನಾಮಿ ಹೆಂಗಸು, ಗರಾಜಿನಲ್ಲಿ ಸೈಕಲ್ ರಿಪೇರಿ ಮಾಡುವ ಹುಡುಗ. ಎಲ್ಲರೂ ತಮಗೊಬ್ಬರಿಗೇ ಬಂದಿದೆ ಅಂದುಕೊಂಡು ಸುಮ್ಮನಿದ್ದವರು. ಆ ಪಟ್ಟಿ ಹಿಡಿದು ಮನೆಮನೆಗೆ ಹೋದದ್ದೇ ನಮ್ಮ ಪಕ್ಷದ ನಿಜವಾದ ಆರಂಭ ಎಂದು ನಾನು ನಂಬಿದ್ದೇನೆ.

ಟೌನ್‌ಶಿಪ್ ಸಭೆಗಳಲ್ಲಿ ಊರಿನವರು ಮಾತಾಡಲು ಅವಕಾಶ ಕೊಡಲೇಬೇಕು, ಅದೂ ಕಾನೂನು. ಒಬ್ಬೊಬ್ಬರಿಗೆ ಮೂರು ನಿಮಿಷ. ಮೊದಲ ಸಭೆಗೆ ನಾವು ಒಂಬತ್ತು ಜನ ಹೋದೆವು. ಪಕ್ಷದ ಹೆಸರು ಯಾರೂ ಎತ್ತಲಿಲ್ಲ. ಟೀಚರಕ್ಕ ಸೀರೆ ಉಟ್ಟು ಬಂದಿದ್ದರು, ಬರೆದುಕೊಂಡಿದ್ದ ಹಾಳೆ ಕೈಯಲ್ಲಿ ನಡುಗುತ್ತಿತ್ತು, ಆದರೆ ದನಿ ನಡುಗಲಿಲ್ಲ. ಐದು ಸಭೆ ಬೇಕಾಯಿತು. 2019ರ ವಸಂತದಲ್ಲಿ ನಿಯಮ ತಿದ್ದಿದರು: ಒಂದು ಹೊತ್ತಿಗೆ ನಾಲ್ಕು ವಿದ್ಯಾರ್ಥಿಗಳ ತನಕ ವಿಚಾರಣೆ ಬೇಡ, ಒಂದು ಪುಟದ ಫಾರಂ ಸಾಕು. ನಮಗೆ ಆ ಫಾರಂ ಕೂಡ ಬೇಡವಾಗಿತ್ತು. ಆದರೂ ಒಪ್ಪಿದೆವು, ಯಾಕೆಂದರೆ ಮುಂದಿನ ಶನಿವಾರದ ಪಾಠ ನಡೆಯಬೇಕಿತ್ತು.

ಆ ಬಿಸಿಯಲ್ಲೇ ಎಲೆಕ್ಟ್ರಿಷಿಯನ್ನರನ್ನು ಟೌನ್‌ಶಿಪ್ ಸೂಪರ್‌ವೈಸರ್ ಸ್ಥಾನಕ್ಕೆ ನಿಲ್ಲಿಸಲು ತೀರ್ಮಾನಿಸಿದೆವು. ಆರು ವರ್ಷದ ಹುದ್ದೆ, ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿ ಸದಸ್ಯರಿದ್ದ ಹಾಗೆ. ದೊಡ್ಡ ಎರಡು ಪಕ್ಷದವರು, ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಪ್ರೈಮರಿ ಚುನಾವಣೆಯಿಂದ ಮತಪತ್ರಕ್ಕೆ ಬರುತ್ತಾರೆ. ನಮ್ಮಂಥವರು ನಾಮಪತ್ರಕ್ಕೆ ಮತದಾರರ ಸಹಿ ಕೂಡಿಸಿ ಆಗಸ್ಟ್ 1ರೊಳಗೆ ಕೊಡಬೇಕು. ನಮ್ಮ ಲೆಕ್ಕಕ್ಕೆ ಬೇಕಿದ್ದದ್ದು ಎಂಬತ್ತರ ಆಸುಪಾಸು. ಅದರ ದುಪ್ಪಟ್ಟು ಗುರಿ ಇಟ್ಟುಕೊಂಡೆವು, ಕಾರಣ ಮುಂದೆ ಹೇಳುತ್ತೇನೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಒಯ್ಯುತ್ತಿದ್ದಂಥ ರಟ್ಟಿನ ಪ್ಯಾಡು ನಾಲ್ಕು ತಂದೆ. ಪ್ರತಿ ಪ್ಯಾಡಿಗೂ ದಾರ ಕಟ್ಟಿದ ಎರಡು ಪೆನ್ನು, ಒಂದು ಕೈಕೊಟ್ಟರೆ ಇನ್ನೊಂದು. ಮತದಾರರ ಪಟ್ಟಿಯಲ್ಲಿರುವ ವಿಳಾಸವನ್ನೇ ಬರೆಸಬೇಕು. ಹೆಸರನ್ನು ಬಿಡಿ ಅಕ್ಷರದಲ್ಲೂ ಬರೆಸಬೇಕು. ಗಂಡ ಸಹಿ ಹಾಕಿದ ಮೇಲೆ ಹೆಂಡತಿಯದನ್ನೂ ತಾನೇ ಹಾಕಲು ಹೋಗುತ್ತಾನೆ, ಅಲ್ಲೇ ತಡೆಯಬೇಕು. ಮೇಲಿನ ಸಾಲಿನ ವಿಳಾಸವೇ ಎಂದು ಎರಡು ಗೀಟು ಎಳೆದುಬಿಡುತ್ತಾರೆ, ಅದನ್ನೂ ಬಿಡಬಾರದು. ಒಂದೊಂದು ತಪ್ಪಿಗೂ ಒಂದೊಂದು ಸಹಿ ಬಿದ್ದುಹೋಗುತ್ತದೆ.

ಏಪ್ರಿಲ್‌ನಲ್ಲಿ ಯುಗಾದಿ ಸಮಾರಂಭಕ್ಕೆ ಪ್ಯಾಡು ಹಿಡಿದು ಹೋದೆ. ನಮ್ಮವರೇ ಮುನ್ನೂರು ಜನ ಸೇರಿದ್ದರು, ಟೀಚರಕ್ಕನ ಕಥೆ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಪೆನ್ನಿಗೆ ಕೈ ಚಾಚಿದರು. "ನೀವು ಸಿಟಿಜನ್ನಾ? ವೋಟರ್ ಲಿಸ್ಟಿನಲ್ಲಿ ಹೆಸರಿದೆಯಾ?" ಎಂದು ಕೇಳುತ್ತ ಹೋದಂತೆ ಕೈಗಳು ಹಿಂದೆ ಸರಿದವು. ಎಚ್-1ಬಿ, ಗ್ರೀನ್ ಕಾರ್ಡಿನ ಸಾಲಿನಲ್ಲಿ ಹತ್ತು ಹನ್ನೆರಡು ವರ್ಷದಿಂದ ನಿಂತವರು. ಇಲ್ಲಿ ಮನೆ ಕೊಂಡು ತೆರಿಗೆ ಕಟ್ಟುತ್ತಾರೆ, ಮಕ್ಕಳು ಇಲ್ಲೇ ಹುಟ್ಟಿದ್ದಾರೆ, ಸಹಿ ಹಾಕುವ ಹಾಗಿಲ್ಲ. ಒಬ್ಬ ಹುಡುಗ "ಹಾಕಿದ್ರೆ ಏನಾಗತ್ತೆ ಅಣ್ಣಾ?" ಅಂದ. ಪ್ಯಾಡನ್ನು ಎದೆಗೆ ಒತ್ತಿ ಹಿಡಿದು, ಬೇಡ ಅಂದೆ. ಮತದಾರರ ಕಾಗದದ ಮೇಲೆ ಪೌರನಲ್ಲದವನ ಹೆಸರು ಬಂದರೆ ನಮಗೆ ಹೋಗುವುದು ಒಂದು ಸಹಿ, ಅವನಿಗೆ ಹೋಗಬಹುದಾದದ್ದು ವೀಸಾ. ಅವತ್ತು ಸಿಕ್ಕಿದ್ದು ಹದಿನಾಲ್ಕು ಸಹಿ. ಈ ಕೆಲಸಕ್ಕಿಳಿಯುವ ನಮ್ಮವರಿಗೆ ಇದೊಂದನ್ನು ಒತ್ತಿ ಹೇಳುತ್ತೇನೆ: ಆ ಪ್ರಶ್ನೆಯನ್ನು ಪೆನ್ನು ಕೊಡುವ ಮೊದಲೇ ಕೇಳಿ.

ಉಳಿದವು ಮನೆಬಾಗಿಲಲ್ಲಿ ಸಿಕ್ಕವು. ವಾರದ ದಿನ ಸಂಜೆ ಐದರಿಂದ ಏಳೂವರೆ ಒಳ್ಳೆಯ ಹೊತ್ತು. ಮೊದಮೊದಲು ನಾನು ಪಕ್ಷದ ಹೆಸರಿನಿಂದ ಶುರು ಮಾಡುತ್ತಿದ್ದೆ, ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು. ಆಮೇಲೆ ಒಂದೇ ಪ್ರಶ್ನೆ ಇಟ್ಟುಕೊಂಡೆ: "ಟೌನ್‌ಶಿಪ್‌ನಿಂದ ನಿಮಗೆ ಯಾವತ್ತಾದರೂ ಕಾಗದ ಬಂದಿತ್ತಾ?" ಬೇಲಿಯ ಎತ್ತರ, ಹಿತ್ತಿಲ ಕೋಳಿ, ಶೆಡ್ಡಿನ ಪರವಾನಗಿ, ಜನ ಹೇಳುತ್ತ ಹೋಗುತ್ತಿದ್ದರು, ಹತ್ತು ನಿಮಿಷದ ಮೇಲೆ ತಾವಾಗಿಯೇ ಎಲ್ಲಿ ಸಹಿ ಹಾಕಬೇಕು ಅನ್ನುತ್ತಿದ್ದರು. ಯಾರೂ ಇಲ್ಲದ ಮನೆಯಲ್ಲಿ ಕರಪತ್ರವನ್ನು ಬಾಗಿಲ ಹಿಡಿಗೆ ಸಿಕ್ಕಿಸುತ್ತಿದ್ದೆವು. ಅಂಚೆ ಪೆಟ್ಟಿಗೆಗೆ ಹಾಕಿದರೆ ಫೆಡರಲ್ ಕಾನೂನಿನ ಪ್ರಕಾರ ತಪ್ಪು.

ಜುಲೈ ಕೊನೆಗೆ 146 ಸಹಿ. ದುಪ್ಪಟ್ಟು ಯಾಕೆ ಅಂದರೆ, ನಾಮಪತ್ರ ಕೊಡುವ ಗಡುವು ಮುಗಿದ ಮೇಲೆ ಏಳು ದಿನ ಯಾವ ಮತದಾರನಾದರೂ ಸಹಿಗಳನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಈ ರಾಜ್ಯದಲ್ಲಿ ಅದು ಬರೀ ಸೋಲಲ್ಲ. 2004ರಲ್ಲಿ ಪಕ್ಷೇತರ ಅಧ್ಯಕ್ಷ ಅಭ್ಯರ್ಥಿ ರಾಲ್ಫ್ ನೇಡರ್ ಅವರ ಸಹಿಗಳು ಬಿದ್ದಾಗ ಎದುರಾಳಿಗಳ ಖರ್ಚೆಂದು 81 ಸಾವಿರ ಡಾಲರ್ ಕಟ್ಟಲು ಆದೇಶವಾಗಿತ್ತು, 2006ರಲ್ಲಿ ಗ್ರೀನ್ ಪಕ್ಷದ ಸೆನೆಟ್ ಅಭ್ಯರ್ಥಿ ಕಾರ್ಲ್ ರೊಮನೆಲ್ಲಿ ಅವರಿಗೆ 80 ಸಾವಿರ. ಲಿಬರ್ಟೇರಿಯನ್, ಗ್ರೀನ್, ಕಾನ್‌ಸ್ಟಿಟ್ಯೂಷನ್ ಪಕ್ಷಗಳು ಒಟ್ಟಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ, ಇಂಥ ದಂಡದ ಭಯವನ್ನೂ ರಾಜ್ಯಮಟ್ಟದ ಹುದ್ದೆಗಳಿಗೆ ಕೇಳುತ್ತಿದ್ದ ಸಹಿಗಳ ರಾಶಿಯನ್ನೂ ಸೇರಿಸಿ ಹೇರುವುದು ಸಂವಿಧಾನಕ್ಕೆ ವಿರುದ್ಧ ಎಂದು 2016ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಎಡ, ಬಲ, ನಡು ಅನ್ನದೆ ಮೂವರೂ ಒಂದೇ ಅರ್ಜಿಗೆ ಹೆಗಲು ಕೊಟ್ಟ ಆ ಕೆಲಸಕ್ಕೆ ನಾನು ಋಣಿ. ನಮ್ಮ ಏಳು ದಿನ ಯಾವ ತಕರಾರೂ ಇಲ್ಲದೆ ಕಳೆದವು.

ನವೆಂಬರ್ 5ಕ್ಕೆ ಮತದಾನ. ಬೆಳಿಗ್ಗೆ ಏಳರಿಂದ ರಾತ್ರಿ ಎಂಟರ ತನಕ ಮತಗಟ್ಟೆಯಿಂದ ಹತ್ತು ಅಡಿ ಆಚೆ ನಿಂತು ಚೀಟಿ ಹಂಚಿದೆವು. ಒಂದೇ ಗುರುತಿನಿಂದ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ಹಾಕುವ ಪದ್ಧತಿ ಆಗಿನ್ನೂ ಇತ್ತು. ಅದನ್ನು ರದ್ದು ಮಾಡುವ ಕಾನೂನಿಗೆ ಗವರ್ನರ್ ಸಹಿ ಹಾಕಿದ್ದು ಅಕ್ಟೋಬರ್ 31ರಂದು, ಜಾರಿಯಾದದ್ದು ಮರುವರ್ಷ. ಹೊರಗೆ ನಮ್ಮ ಕೈ ಕುಲುಕಿ ಹೋದ ಎಷ್ಟೋ ಜನ ಒಳಗೆ ಆ ಒಂದು ಗುರುತು ಹಾಕಿ ಬಂದರು, ಬಂದು ಹೇಳಿದರು ಕೂಡ. ನಮಗೆ ಬಿದ್ದದ್ದು ಶೇ 11. ಎಲೆಕ್ಟ್ರಿಷಿಯನ್ನರು ಮರುದಿನ ಕೆಲಸಕ್ಕೆ ಹೋದರು. ನಾನು ಎರಡು ದಿನ ಅಂಗಳದ ಬೋರ್ಡುಗಳನ್ನು ಕಿತ್ತು ತಂದೆ.

"ನಿಮ್ಮಿಂದ ವೋಟು ಒಡೆಯತ್ತೆ" ಎಂಬ ಮಾತು ಆ ವರ್ಷ ನೂರು ಸಲ ಕೇಳಿದ್ದೇನೆ. ಸುಳ್ಳು ಎಂದು ತಳ್ಳಿಹಾಕುವ ಮಾತಲ್ಲ ಅದು. 2016ರಲ್ಲಿ ಈ ರಾಜ್ಯದ ಫಲಿತಾಂಶ ನಿರ್ಧಾರವಾದದ್ದು ಸುಮಾರು 44 ಸಾವಿರ ಮತದ ಅಂತರದಲ್ಲಿ, ಜಾನ್ಸನ್ ಇಲ್ಲಿ ಪಡೆದದ್ದು 1 ಲಕ್ಷ 46 ಸಾವಿರ. ಆ ಮತಗಳು ಯಾರ ಆಸ್ತಿಯೂ ಅಲ್ಲ ಎಂಬುದು ನನ್ನ ನಿಲುವು, ಆದರೆ ಕೇಳುವವರ ಆತಂಕ ನಿಜ. ಹಾಗಾಗಿ ಮುಂದಿನ ಸಲ ನಾವು ಬೇರೆ ದಾರಿ ಹಿಡಿದೆವು. ಯಾರೂ ನಿಲ್ಲದ ಕುರ್ಚಿಗಳನ್ನು ಹುಡುಕಿದೆವು.

ಪ್ರತಿ ಮತಗಟ್ಟೆಗೂ ಇಲ್ಲಿ 'ಜಡ್ಜ್ ಆಫ್ ಎಲೆಕ್ಷನ್' ಎಂಬ ಹುದ್ದೆ ಇದೆ, ಮತದಾನದ ದಿನ ಮತಗಟ್ಟೆ ನಡೆಸುವವರು. ನಾಲ್ಕು ವರ್ಷಕ್ಕೊಮ್ಮೆ ಚುನಾಯಿಸಬೇಕು, ಎಷ್ಟೋ ಕಡೆ ಮತಪತ್ರದಲ್ಲಿ ಆ ಜಾಗ ಖಾಲಿ. ಖಾಲಿ ಇದ್ದರೆ ಮತದಾರರು ತಮಗೆ ಬೇಕಾದ ಹೆಸರು ಬರೆಯಬಹುದು. 2021ರಲ್ಲಿ ನಮ್ಮ ಮತಗಟ್ಟೆಗೆ ನಾನೇ ನಿಂತೆ. ನನ್ನ ಹೆಸರು ಇಂಗ್ಲಿಷಿನಲ್ಲಿ ಹದಿನೈದು ಅಕ್ಷರ. ಕೊನೆಯ 'ಮೂರ್ತಿ'ಗೆ ಒಬ್ಬರು ಯು ಹಾಕುತ್ತಾರೆ, ಇನ್ನೊಬ್ಬರು ಎರಡು ಓ, ಮತ್ತೊಬ್ಬರು ಎಚ್ ಬಿಡುತ್ತಾರೆ. ಬೇರೆ ಬೇರೆ ಕಾಗುಣಿತ ಬೇರೆ ಬೇರೆ ಅಭ್ಯರ್ಥಿಯಂತೆ ದಾಖಲಾಗುತ್ತದೆ, ಒಟ್ಟು ಸೇರಿಸಿ ಎಂದು ಆಮೇಲೆ ಅರ್ಜಿ ಹಾಕಬೇಕು. ಹೆಸರನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿದ ಅಂಗೈಯಗಲದ ಚೀಟಿ ಮಾಡಿ, ಅರವತ್ತು ಮನೆಗೆ ನಾನೇ ಹೋಗಿ ಕೊಟ್ಟೆ. ಬಿದ್ದದ್ದು 23 ಮತ, ನಾಲ್ಕು ಕಾಗುಣಿತದಲ್ಲಿ. ಅರ್ಜಿ ಹಾಕಿ ಸೇರಿಸಿಕೊಂಡು ಗೆದ್ದೆ.

2022ರ ನವೆಂಬರಿನಲ್ಲಿ ಪಕ್ಷದ ಬ್ಯಾಡ್ಜು ಮನೆಯಲ್ಲಿ ಬಿಟ್ಟು ಬೆಳಿಗ್ಗೆ ಆರಕ್ಕೆ ಮತಗಟ್ಟೆ ತೆರೆದೆ. ಆ ವರ್ಷ ನಮ್ಮ ಪಕ್ಷದಲ್ಲಿ ಬಿರುಕು ಬಿಟ್ಟಿತ್ತು. ಮೇ ತಿಂಗಳ ರೀನೊ ಅಧಿವೇಶನದಲ್ಲಿ ಒಂದು ಬಣ ಹಿಡಿತ ಸಾಧಿಸಿತು, ಪೆನ್ಸಿಲ್ವೇನಿಯಾದ ಹಲವರು ಹೊರಹೋಗಿ ಕೀಸ್ಟೋನ್ ಪಕ್ಷ ಕಟ್ಟಿದರು. ಡೈನರಿನ ಕೋಣೆಯಲ್ಲಿ ಜೊತೆಗೆ ಕೂರುತ್ತಿದ್ದ ಮೂವರು ಅಲ್ಲಿಗೆ ಹೋದರು. ಗವರ್ನರ್ ಹುದ್ದೆಗೆ ಎರಡೂ ಪಕ್ಷದ ಹೆಸರು ಒಂದೇ ಮತಪತ್ರದಲ್ಲಿತ್ತು. ರಾತ್ರಿ ಎಂಟಕ್ಕೆ ಯಂತ್ರದಿಂದ ಬಂದ ಉದ್ದನೆಯ ಪಟ್ಟಿಯನ್ನು ಬಾಗಿಲಿಗೆ ಅಂಟಿಸುವಾಗ ಆ ಎರಡು ಸಾಲುಗಳನ್ನು ನೋಡಿ ಸಂಕಟವಾಯಿತು. 2024ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತ ನಮ್ಮ ಚೇಸ್ ಆಲಿವರ್‌ಗೆ ದೇಶದಲ್ಲಿ ಶೇ ಅರ್ಧವೂ ಬರಲಿಲ್ಲ.

ಖಾಲಿ ಕುರ್ಚಿಗಳ ಪಟ್ಟಿ ಮಾಡುವುದನ್ನು ಮಾತ್ರ ನಾನು ಬಿಟ್ಟಿಲ್ಲ. ಪ್ರೈಮರಿ ಮುಗಿದ ವಾರ ಕೌಂಟಿಯವರು ಹೆಸರುಗಳನ್ನು ಹೊರಡಿಸುತ್ತಾರೆ, ನಮ್ಮದೂ ಸುತ್ತಲಿನದೂ ಸೇರಿ ಐದು ಟೌನ್‌ಶಿಪ್‌ಗಳಲ್ಲಿ ಎಲ್ಲೆಲ್ಲಿ ಹೆಸರಿಲ್ಲವೋ ಅಲ್ಲಿ ಕೆಂಪು ಗೀಟು ಹಾಕುತ್ತೇನೆ. ನಮ್ಮಲ್ಲಿ ಆಡಿಟರ್ ಜಾಗ ಖಾಲಿ ಇದ್ದ ವರ್ಷ ಪಿಯಾನೊ ಅಜ್ಜಿಯ ಮನೆಗೆ ಹೋದೆ. ಟೌನ್‌ಶಿಪ್ ಲೆಕ್ಕ ನೋಡುವ ಮೂವರಲ್ಲಿ ಒಬ್ಬರು, ಸೂಪರ್‌ವೈಸರೇ ಟೌನ್‌ಶಿಪ್ ಕೆಲಸಕ್ಕಿದ್ದರೆ ಅವರ ಸಂಬಳ ಗೊತ್ತುಮಾಡುವವರೂ ಇವರೇ ಎಂದು ವಿವರಿಸಿದೆ. ಅಜ್ಜಿ ಪಾಠದ ಹುಡುಗನಿಗೆ ಕೈಸನ್ನೆಯಲ್ಲಿ ನಿಲ್ಲಿಸು ಎಂದು, ಕನ್ನಡಕ ತೆಗೆದು, ನನ್ನ ಕೈಯಲ್ಲಿದ್ದ ಪಟ್ಟಿ ಇಸಿದುಕೊಂಡರು.

"ನನ್ನ ಹೆಸರು ಐದೇ ಅಕ್ಷರ ಕಣಪ್ಪಾ" ಅಂದರು. "ಚೀಟಿ ಎಷ್ಟು ಮಾಡಿಸೋಣ?"