ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಲೆನ್ಸ್ ಆರಿಸುವಾಗ: ದೊಡ್ಡ ಅಪರ್ಚರ್ ಬೇಕೆ, ಪುಟ್ಟ ಗಾತ್ರ ಬೇಕೆ?

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ದೃಶ್ಯವನ್ನು ನೋಡುವುದು ಲೆನ್ಸ್‌ನ ಮೂಲಕವಲ್ಲ, ಪ್ರತ್ಯೇಕವಾದ ಒಂದು ಕಿಂಡಿಯ ಮೂಲಕ. ಹೀಗಾಗಿ ಎಸ್‌ಎಲ್‌ಆರ್ (ಕನ್ನಡಿಯ ನೆರವಿನಿಂದ ಲೆನ್ಸ್‌ನ ಮೂಲಕವೇ ನೋಡುವ ಕ್ಯಾಮೆರಾ) ಬಳಸಿದವರಿಗೆ ರೂಢಿಯಾದ ಲೆಕ್ಕಾಚಾರ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ಲೆನ್ಸ್‌ನ ರಂಧ್ರ, ದೊಡ್ಡದಾದಷ್ಟೂ ಫೈಂಡರ್ ಬೆಳಗುತ್ತದೆ, ಇಲ್ಲಿ ಎಫ್/1.4 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು) ಲೆನ್ಸ್ ಹಾಕಿದರೂ ಎಫ್/4 ಹಾಕಿದರೂ ಕಿಂಡಿಯ ಬೆಳಕು ಒಂದೇ. ದಪ್ಪ ಲೆನ್ಸ್ ಮಾತ್ರ ತನ್ನ ಹುಡ್ ಸಮೇತ ಚೌಕಟ್ಟಿನ ಕೆಳಗಿನ ಬಲಮೂಲೆಯನ್ನು ಮರೆಮಾಡಿಬಿಡುತ್ತದೆ.

ಲೆನ್ಸ್‌ಗಳ ಪಟ್ಟಿ ನೋಡುವ ಮೊದಲು ನಿಮ್ಮ ಕ್ಯಾಮೆರಾದ ಅಳತೆಯನ್ನು ತಿಳಿದುಕೊಳ್ಳಿ. ರೇಂಜ್‌ಫೈಂಡರ್‌ನಲ್ಲಿ ಫೋಕಸ್ ಮಾಡುವುದು ಎರಡು ಕಿಂಡಿಗಳ ಬಿಂಬಗಳನ್ನು ಒಂದಾಗಿಸಿ; ಆ ಕಿಂಡಿಗಳ ನಡುವಿನ ಅಂತರವನ್ನು ಫೈಂಡರ್‌ನ ವರ್ಧನೆಯಿಂದ ಗುಣಿಸಿದಾಗ ದೊರೆಯುವ ಪರಿಣಾಮಕಾರಿ ಅಂತರವೇ ಫೋಕಸ್‌ನ ನಿಖರತೆಯನ್ನು ನಿರ್ಧರಿಸುತ್ತದೆ. 0.72 ವರ್ಧನೆಯ ಲೈಕಾ ಎಂ6ನಲ್ಲಿ ಇದು ಸುಮಾರು 50 ಮಿ.ಮೀ., 1954ರ ಎಂ3ಯಲ್ಲಿ 62 ಮಿ.ಮೀ. ಆಸುಪಾಸು, ಫೋಗ್ಟ್‌ಲೆಂಡರ್ ಬೆಸ್ಸಾ ಆರ್2ಎಯಲ್ಲಿ ಸುಮಾರು 26, ಪುಟ್ಟ ಲೈಕಾ ಸಿಎಲ್‌ನಲ್ಲಿ ಕೇವಲ 19. ಲೆನ್ಸ್ ಬೇಡುವ ಅಂತರವಾದರೋ ಫೋಕಲ್ ಲೆಂಗ್ತ್‌ನ (35, 50 ಮಿ.ಮೀ. ಎಂದು ಲೆನ್ಸ್ ಮೇಲೆ ಬರೆದಿರುವ ಅಳತೆಯ) ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ 50 ಮಿ.ಮೀ. ಎಫ್/1.4 ಲೆನ್ಸ್, ಅದೇ ಅಪರ್ಚರ್‌ನ 35 ಮಿ.ಮೀ. ಲೆನ್ಸ್‌ಗಿಂತ ಸರಿಸುಮಾರು ಎರಡು ಪಟ್ಟು ನಿಖರತೆಯನ್ನು ಬೇಡುತ್ತದೆ. ಒಂದು ಮೀಟರ್ ದೂರದಲ್ಲಿ ಆ 50 ಮಿ.ಮೀ. ಲೆನ್ಸನ್ನು ಪೂರ್ತಿ ತೆರೆದರೆ ಸ್ಪಷ್ಟವಾಗಿ ಮೂಡುವ ಆಳ ಬರೀ ಮೂರು ಸೆಂಟಿಮೀಟರ್‌ನಷ್ಟು. ಕಿರಿದಾದ ಅಂತರದ ಕ್ಯಾಮೆರಾ ಉಳ್ಳವರಿಗೆ ದೊಡ್ಡ ಅಪರ್ಚರ್ ಬೇಕೇಬೇಕೆಂದಿದ್ದರೆ, ಅದನ್ನು 35 ಮಿ.ಮೀ.ನಲ್ಲಿ ಕೊಳ್ಳುವುದೇ ಜಾಣತನ.

ಬೇಕೇಬೇಕೆ ಎಂಬುದನ್ನು ನಿಮ್ಮ ಹಳೆಯ ಚಿತ್ರಗಳನ್ನೇ ಕೇಳಿ. ಎಫ್/2ರಿಂದ ಎಫ್/1.4ಕ್ಕೆ ಹೋದರೆ ದಕ್ಕುವುದು ಒಂದೇ ಸ್ಟಾಪ್ (ಎರಡು ಪಟ್ಟು ಬೆಳಕು), ಅಂದರೆ 1/15 ಸೆಕೆಂಡಿನ ಬದಲು 1/30. ನಡೆದಾಡುವವರನ್ನು ಮಂದ ಬೆಳಕಿನಲ್ಲಿ ತೆಗೆಯುವವರಿಗೆ ಅದು ದೊಡ್ಡದು. ಕನ್ನಡಿಯ ಅದುರುವಿಕೆ ಇಲ್ಲದ ಈ ಕ್ಯಾಮೆರಾದಲ್ಲಿ ನಿಶ್ಚಲ ವಸ್ತುಗಳನ್ನು ತೆಗೆಯುವವರಿಗೆ ಅಷ್ಟೇನಲ್ಲ. ಇನ್ನು ಹಗಲಿನ ಮಾತು: ಐಎಸ್‌ಒ 400 ಫಿಲ್ಮ್, ಗರಿಷ್ಠ 1/1000 ಷಟರ್ ಇರುವ ಕ್ಯಾಮೆರಾದಲ್ಲಿ ನೆತ್ತಿಯ ಬಿಸಿಲಿಗೆ ಎಫ್/11ರ ಆಸುಪಾಸಿಗೆ ಇಳಿಯಲೇಬೇಕು. ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದಿದ್ದರೆ, ಹಣ ತೆತ್ತು ಕೊಂಡ ಆ ದೊಡ್ಡ ಗಾಜು ಅಲ್ಲಿ ಬರೀ ಭಾರ.

ನನ್ನ ಮಟ್ಟಿಗೆ, ಮೊದಲ ಲೆನ್ಸ್ ಪುಟ್ಟದೇ ಆಗಿರಬೇಕು. ಫೋಗ್ಟ್‌ಲೆಂಡರ್‌ನ 35 ಮಿ.ಮೀ. ಎಫ್/2.5 ಕಲರ್-ಸ್ಕೋಪಾರ್ ತೂಗುವುದು ಸುಮಾರು 134 ಗ್ರಾಂ. ಲೈಕಾದ 2008ರ ನಾಕ್ಟಿಲಕ್ಸ್ ಎಫ್/0.95 ಸುಮಾರು 700 ಗ್ರಾಂ. 35 ಮಿ.ಮೀ. ಲೆನ್ಸನ್ನು ಎಫ್/8ಕ್ಕೆ ಇಳಿಸಿ ಐದು ಮೀಟರ್‌ಗೆ ಹೊಂದಿಸಿಟ್ಟರೆ, ಎರಡೂವರೆ ಮೀಟರ್‌ನಿಂದ ಅನಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಬೆರಳಿಗೆ ಸಿಗುವ ಫೋಕಸ್ ಟ್ಯಾಬ್ ಇದ್ದರೆ ಇನ್ನೂ ಒಳ್ಳೆಯದು. ಡಿಜಿಟಲ್ ಕ್ಯಾಮೆರಾಕ್ಕೆ ಲೆನ್ಸ್ ಕೊಳ್ಳುವವರು ಎರಡು ವಿಷಯ ಗಮನಿಸಬೇಕು: ಹಳೆಯ ವೈಡ್ ಲೆನ್ಸ್ ಚಿತ್ರದ ಅಂಚಿನಲ್ಲಿ ಬಣ್ಣದ ಛಾಯೆ ಮೂಡಿಸಬಹುದು, ಒಳಕ್ಕೆ ಮಡಚುವ ಲೆನ್ಸನ್ನು ಮಡಚುವ ಮುನ್ನ ಕ್ಯಾಮೆರಾದ ಒಳಗೆ ಜಾಗವಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ದೊಡ್ಡ ಅಪರ್ಚರ್‌ನ ಲೆನ್ಸ್ ಕೊಳ್ಳುವುದೇ ಆದರೆ ಪರೀಕ್ಷಿಸದೆ ಕೊಳ್ಳಬೇಡಿ. ಕೆಲವು ಲೆನ್ಸ್‌ಗಳಲ್ಲಿ ಅಪರ್ಚರ್ ಕಿರಿದಾಗಿಸಿದಂತೆ ಫೋಕಸ್ ಬೀಳುವ ಜಾಗವೇ ಸರಿಯುತ್ತದೆ. ಝೈಸ್ ಸಿ ಸೊನ್ನಾರ್ 50 ಮಿ.ಮೀ. ಎಫ್/1.5 ಇದಕ್ಕೆ ಹೆಸರಾದದ್ದು. ಎಸ್‌ಎಲ್‌ಆರ್‌ನಲ್ಲಾದರೆ ಅಪರ್ಚರ್ ಕಿರಿದಾಗಿಸಿಯೇ ನೋಡಿ ಸರಿಪಡಿಸಿಕೊಳ್ಳಬಹುದು, ಕಿಂಡಿಯಲ್ಲಿ ಮಾತ್ರ ಅದು ಕಾಣದು. ಒಂದು ಅಳತೆಪಟ್ಟಿಯನ್ನು ಓರೆಯಾಗಿಟ್ಟು, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಒಂದು ಮೀಟರ್ ದೂರದಲ್ಲಿ ನಿಲ್ಲಿಸಿ, ಒಂದೇ ಗುರುತಿಗೆ ಫೋಕಸ್ ಮಾಡಿ ಪ್ರತಿ ಅಪರ್ಚರ್‌ನಲ್ಲೂ ಒಂದೊಂದು ಚಿತ್ರ ತೆಗೆಯಿರಿ. ತಪ್ಪು ಎಲ್ಲ ಚಿತ್ರಗಳಲ್ಲೂ ಒಂದೇ ಅಳತೆಯದಾಗಿದ್ದರೆ ಕ್ಯಾಮೆರಾವನ್ನೋ ಲೆನ್ಸನ್ನೋ ಹೊಂದಿಸಿದರೆ ಸರಿಹೋಗುತ್ತದೆ. ಅಪರ್ಚರ್ ಬದಲಾದಂತೆ ತಪ್ಪೂ ಬದಲಾದರೆ ಅದು ಆ ಲೆನ್ಸ್‌ನ ಹುಟ್ಟುಗುಣ. ಸ್ಪಷ್ಟತೆ ಗುರುತಿನಿಂದ ಎರಡು ಸೆಂಟಿಮೀಟರ್ ಹಿಂದೆ ಬೀಳುತ್ತಿದ್ದರೆ, ಆ ಅಪರ್ಚರ್‌ನಲ್ಲಿ ಫೋಕಸ್ ಮಾಡಿದ ಮೇಲೆ ನೀವೂ ಅಷ್ಟೇ ಹಿಂದಕ್ಕೆ ವಾಲಿ ಗುಂಡಿ ಒತ್ತಬೇಕು.